ಒಂದು ಶಾಮಿಯಾನ ಕಡಿಮೆ

ನಮ್ಮ ಮಾವನವರಿಗೆ ಒಂದು ಶಾಮಿಯಾನ ಕಡಿಮೆ. ಬೇರೆಯವರ ಬಗ್ಗೆ ಜನ ಸ್ಕ್ರೂ ಸಡಿಲ ಅನ್ನುತ್ತಾರಲ್ಲ, ಹಾಗಲ್ಲ. ಇದು ಅಕ್ಷರಶಃ ನಿಜ. ಮದುವೆಯಿರಲಿ, ಗೃಹಪ್ರವೇಶವಿರಲಿ, ಯಾರೋ ತೀರಿಕೊಂಡ ಮೇಲಿನ ಊಟವಿರಲಿ, ಮೂರು ಶಾಮಿಯಾನ ಬೇಕಾದಲ್ಲಿ ಅವರು ಎರಡು ಹಾಕಿಸುತ್ತಾರೆ, ಎರಡು ಬೇಕಾದಲ್ಲಿ ಒಂದು. ಒಂದೇ ಸಾಕಾಗುವಲ್ಲಿ? “ಹಲಸಿನ ಮರ ಇದ್ಯಲ್ಲ, ಮತ್ತೆಂತಕ್ಕೆ?” ನಾನು ಹೊನ್ನಾವರದ ಹತ್ತಿರ ಕರ್ಕಿಯ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಮೇಲಾಯಿತು. ನಮ್ಮ ಅಂಗಳದ ಸಮಾರಂಭಕ್ಕೆ ಬಂದವರೆಲ್ಲ ನೆರಳಿನಲ್ಲಿ ಕೂತು ಉಂಡದ್ದನ್ನು ನಾನಂತೂ ಕಂಡಿಲ್ಲ. ಕಂಡವರಿದ್ದರೆ ಮುಂದೆ ಬರಲಿ. ಬಂದರೆ ನಿಲ್ಲಿಸಿಯೇ ಮಾತಾಡಿಸಬೇಕಾದೀತು, ಕುರ್ಚಿ ಇರುವುದಿಲ್ಲ!

ಇದಕ್ಕೆಲ್ಲ ಕಾರಣ ಅವರ ನೌಕರಿ ಎಂದು ಊರವರ ನಂಬಿಕೆ. ಮಾವನವರು ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆ, ಮತ್ತೆ ವಾಪಸ್ಸು. ಅವರ ಜೀವಮಾನವೆಲ್ಲ ಈ ಮೂರು ಊರುಗಳ ನಡುವೆ “ಹಿಂದೆ ಹೋಗಿ, ಹಿಂದೆ ಹೋಗಿ” ಎನ್ನುತ್ತಲೇ ಕಳೆಯಿತು. ಸಂಕಷ್ಟಿಯ ದಿನ ಇಡಗುಂಜಿಗೆ ಹೊರಟ ಅಷ್ಟೂ ಭಕ್ತರನ್ನು ಒಂದೇ ಬಸ್ಸಿನಲ್ಲಿ ತುಂಬಿದ ಕತೆಯನ್ನು ಅವರು ಈಗಲೂ ಹೇಳುತ್ತಾರೆ. ಪ್ರತಿ ಸಲ ಹೇಳುವಾಗಲೂ ಭಕ್ತರು ಹೆಚ್ಚಾಗುತ್ತಾರೆ, ಬಸ್ಸು ಮಾತ್ರ ಅದೇ! ಮನುಷ್ಯನೆಂದರೆ ಒತ್ತಿದಷ್ಟೂ ಒತ್ತಿಸಿಕೊಳ್ಳುವ ಪದಾರ್ಥ ಎಂಬುದು ಅವರ ಸಿದ್ಧಾಂತ.

ಹೊನ್ನಾವರದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಭಾಯಿಯೊಬ್ಬರಿದ್ದಾರೆ. ಸಾಧು ಮನುಷ್ಯ. ಮಾವನವರು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಭಾಯಿ ಮುಖ ಒರೆಸಿಕೊಳ್ಳುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ.

“ಕಾಕಾ, ಜನ ಎಷ್ಟಾಗ್ತದೆ?”

“ನಾನೂರಕ್ಕೆ ತೊಂದ್ರೆ ಇಲ್ಲ.”

“ಹಂಗಾದ್ರೆ ನಾಲ್ಕು ಹಾಕುವಾ. ಊಟಕ್ಕೆ ಬೇರೆ, ಕೂರೂಕೆ ಬೇರೆ.”

“ಎರಡು ಹಾಕು.”

“ಉಳಿದವ್ರು ಎಂತ ಮಾಡ್ಬೇಕು ಕಾಕಾ?”

“ನಿಲ್ತ್ರು. ಭಟ್ಕಳದ ತನಕ ನಿಂತ್ಕಂಡೇ ಹೋಗೂದಿಲ್ಲ? ಅಲ್ಲಿ ಟಿಕೆಟ್ ತಕಂಡು ನಿಲ್ತ್ರು. ಇಲ್ಲಿ ಊಟ ಬೇರೆ ಹಾಕ್ತೆ!”

ಭಾಯಿ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ. ನಿಮಗಾದರೂ ಬೇರೆ ಏನಾದರೂ ತೋಚುತ್ತಿತ್ತೇ?

ನನ್ನ ಮೈಮೇಲೆ ಈ ಸಿದ್ಧಾಂತದ ಮೊದಲ ಪ್ರಯೋಗ ನಡೆದದ್ದು ಮದುವೆಯ ಮರುದಿನ. ಬೀಗರ ಊಟ. ಮೇ ತಿಂಗಳು. ನನ್ನ ತವರು ಭಟ್ಕಳದ ಹತ್ತಿರದ ಮುಟ್ಟಳ್ಳಿ. ಅಲ್ಲಿಂದ ನಮ್ಮವರೆಲ್ಲ ಟೆಂಪೊ ಮಾಡಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಬಂದರು. ಬಂದು ನೋಡಿದರೆ ಶಾಮಿಯಾನದೊಳಗೆ ಆಗಲೇ ಗಂಡಿನ ಕಡೆಯವರು ತುಂಬಿದ್ದಾರೆ, ಹೆಣ್ಣಿನ ಕಡೆಯವರಿಗೆ ಸಿಕ್ಕಿದ್ದು ತೆಂಗಿನ ಮರದ ನೆರಳು. ತೆಂಗಿನ ಮರದ ನೆರಳೆಂದರೆ ನಿಮಗೆ ಗೊತ್ತಲ್ಲ? ಒಂದು ಕಿವಿಗೆ ನೆರಳು, ಇನ್ನೊಂದು ಕಿವಿಗೆ ಬಿಸಿಲು! ನಮ್ಮಪ್ಪ ತಲೆಯ ಮೇಲೆ ಟವೆಲ್ ಹಾಕಿಕೊಂಡು ಉಂಡರು. ಹೊಸ ಜರಿ ಸೀರೆಯಲ್ಲಿ ಬೆವರುತ್ತ ನಾನು ಒಳಗಿನಿಂದ ಅದನ್ನು ನೋಡಿದೆ. ನನ್ನಮ್ಮ, ನಮ್ಮ ಆಯಿ, ಕೈತೊಳೆಯಲು ಬಂದವಳು ನನ್ನ ಕಿವಿಯ ಹತ್ತಿರ ಬಂದು, “ಮಗಾ, ಇವ್ರಿಗೆ ನಾವು ಬಪ್ಪುದು ಗೊತ್ತಿತ್ತಾ ಇಲ್ವಾ?” ಎಂದು ಕೇಳಿದಳು. ಮಾವನವರು ಮಾತ್ರ ಅಂಗಳದ ತುದಿಯಲ್ಲಿ ನಿಂತು, ಹೊರಗೆ ಬೇಯುತ್ತಿದ್ದ ಬೀಗರನ್ನೆಲ್ಲ ಕಣ್ತುಂಬ ನೋಡಿ, “ಕಂಡ್ಯಾ ಜನ! ಹಿಡೀಲಿಲ್ಲ! ಶಾಮಿಯಾನ ಹಿಡೀಲಿಲ್ಲ!” ಎಂದು ಹಿಗ್ಗುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ಕಂಡು ನನಗೆ ಬಂದ ಸಿಟ್ಟು ಇಪ್ಪತ್ತು ವರ್ಷ ಬಾಳಿಕೆ ಬಂತು.

ನಾದಿನಿ ಕುಮಟೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗ ನಾನು ಮೊದಲೇ ಹೇಳಿದ್ದೆ: “ನೀನೇ ಹೋಗಿ ಶಾಮಿಯಾನ ಗೊತ್ತುಮಾಡು. ಅಪ್ಪನ ಕೈಗೆ ಕೊಡಬೇಡ.” ಅವಳು ಕೇಳಲಿಲ್ಲ. ಹೆತ್ತ ಮಗಳಲ್ಲವೇ, ಅಪ್ಪನ ಮೇಲೆ ನಂಬಿಕೆ! ಜೂನ್ ಹತ್ತಿರವಿತ್ತು. ಬಡಿಸಲು ಶುರುಮಾಡುವುದಕ್ಕೂ ವರ್ಷದ ಮೊದಲ ಮಳೆ ಬರುವುದಕ್ಕೂ ಸರಿಹೋಯಿತು. ಹೊರಗಿದ್ದವರೆಲ್ಲ ಒಮ್ಮೆಲೇ ಒಳಗೆ ನುಗ್ಗಿದರು. ಒಳಗಿದ್ದವರು ಎಲೆ ಬಿಟ್ಟು ಏಳುವಂತಿಲ್ಲ, ನುಗ್ಗಿದವರು ನಿಲ್ಲುವಂತಿಲ್ಲ. ಕೆಲವರು ಇನ್ನೊಬ್ಬರ ಬೆನ್ನಿನ ಮೇಲೆ ಎಲೆ ಇಟ್ಟುಕೊಂಡು ಉಂಡರೆಂದು ಊರಲ್ಲಿ ಸುದ್ದಿ. ಅದು ಉತ್ಪ್ರೇಕ್ಷೆ. ಒಬ್ಬರೇ ಹಾಗೆ ಉಂಡದ್ದು. ಅಂಚಿನಲ್ಲಿ ಕೂತವರ ಎಲೆಗೆ ಬಡಿಸಿದ ಪಾಯಸವಂತೂ ಎಷ್ಟು ಕುಡಿದರೂ ಮುಗಿಯಲಿಲ್ಲ, ಮೇಲಿನಿಂದ ಬೀಳುತ್ತಲೇ ಇತ್ತಲ್ಲ! ಮಾವನವರು ಆ ನೂಕುನುಗ್ಗಲಿನ ನಡುವೆ ಕೈಯೆತ್ತಿ, “ಮುಂದೆ ಜಾಗ ಇದೆ, ಮುಂದೆ ಹೋಗಿ!” ಎಂದು ಕೂಗುತ್ತಿದ್ದರು. ಮುಂದೆ ಇದ್ದದ್ದು ಗಟಾರ.

ಊರಿನ ಹಿರಿಯ ಮಾಸ್ತರರೊಬ್ಬರು ತೀರಿಕೊಂಡಾಗ ಶಾಲೆಯ ಮೈದಾನದಲ್ಲಿ ಸಂತಾಪ ಸಭೆ. ಏರ್ಪಾಡಿನವರು ಮಾವನವರನ್ನು ಕೇಳಿದರು. ಕೇಳಬಾರದಿತ್ತು. ಒಂದೇ ಒಂದು ಶಾಮಿಯಾನದಲ್ಲಿ ಊರು ಹಿಡಿಯಬೇಕಲ್ಲ, ಜನ ಒತ್ತುತ್ತಾ ಬಂದರು, ಮೇಜು ಹಿಂದೆ ಸರಿಯಿತು, ಮೇಜಿನ ಹಿಂದಿದ್ದ ಸ್ಟೂಲು ಇನ್ನೂ ಹಿಂದೆ ಸರಿಯಿತು. ಕೊನೆಗೆ ಹಾರ ಹಾಕಿದ ಮಾಸ್ತರರ ಫೋಟೊ ಶಾಮಿಯಾನದ ಹೊರಗೆ ರಣಬಿಸಿಲಿನಲ್ಲಿ! ಅವರ ಮಗ ಬಂದು ಹಲ್ಲು ಕಚ್ಚಿಕೊಂಡು ಕೇಳಿದ, “ಎಂತದು ಇದು? ಅಪ್ಪನ್ನ ಹೊರಗೆ ಹಾಕಿದ್ರಲ್ಲ?” ಮಾವನವರು ಅವನ ಹೆಗಲು ತಟ್ಟಿ ಸಮಾಧಾನ ಹೇಳಿದರು: “ತಮಾ, ಬೆವರೂದು ನಾವು. ಅವ್ರಿಗೆ ಎಂತ ಆಗೂದಿಲ್ಲ.”

ನಗು ಬರುತ್ತದಲ್ಲವೇ? ನನಗೂ ಬರುತ್ತದೆ, ಬೇರೆಯವರ ಮನೆಯಲ್ಲಿ ನಡೆದದ್ದಾದರೆ. ನಮ್ಮ ಮನೆಯಲ್ಲಿ ನಡೆದದ್ದಕ್ಕೆ ನಗು ಬರುವುದಿಲ್ಲ. ನನ್ನ ಮಗಳಿಗೆ ಹೆಸರಿಡುವ ದಿನದ್ದು ಈಗ ನೆನೆದರೂ ಬಾಯಿ ಕಹಿಯಾಗುತ್ತದೆ.

ಮಾವನವರಿಗೆ ಒಬ್ಬ ಅಣ್ಣ ಇದ್ದಾರೆ. ನಾವು ಅವರನ್ನು ದೊಡ್ಡಮಾವ ಅನ್ನುತ್ತೇವೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ, ಅಷ್ಟೆ. ಅವರು ನಮ್ಮಲ್ಲಿಗೆ ಬರುವುದು ಅಪರೂಪ. ಅಂದು ಬಂದರು, ಕೋಲೂರಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಶಾಮಿಯಾನದ ಅಂಚಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಬಿಸಿಲು ವಾಲಿ ನೆರಳು ಜರುಗಿತು, ದೊಡ್ಡಮಾವ ಕುರ್ಚಿ ಜರುಗಿಸಿದರು. ಮತ್ತೆ ನೆರಳು ಜರುಗಿತು, ಮತ್ತೆ ಕುರ್ಚಿ. ಹೀಗೇ ನೆರಳಿನ ಬೆನ್ನುಹತ್ತಿ ಹೋಗಿ ಹೋಗಿ ಅವರು ಸ್ಕೂಟರುಗಳನ್ನು ನಿಲ್ಲಿಸಿದಲ್ಲಿಗೆ ತಲುಪಿದರು. ಅಲ್ಲಿಂದ ಇನ್ನು ನಾಲ್ಕು ಹೆಜ್ಜೆಗೆ ಅವರದ್ದೇ ಮನೆ! ಎದ್ದು, ಉಣ್ಣದೆ ಹೋಗಿಬಿಟ್ಟರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ನಮ್ಮ ಬೆಕ್ಕು ಬೇಲಿ ದಾಟಿದರೂ ಆ ಕಡೆಯಿಂದ ಕಲ್ಲು ಬರುತ್ತದೆ. ನೆಂಟರ ಮದುವೆಗೆ ಹೋದರೆ ಎಲ್ಲರೂ ನನ್ನನ್ನೇ ಕೇಳುವುದು, “ಪಾಪ, ಹಿರಿಯ ಮನುಷ್ಯ, ಉಣ್ಣದೇ ಹೋದ್ರಂತಲ್ಲ?” ಸೊಸೆ ಅಂದರೆ ಮನೆಯ ದೂರು ವಿಭಾಗ ನೋಡಿ.

ನಾನು ಮಾವನವರಿಗೆ ನೇರವಾಗಿಯೇ ಕೇಳಿದೆ: “ಇನ್ನೊಂದು ಶಾಮಿಯಾನ ಹಾಕ್ಸಿದ್ರೆ ಎಂತ ಆಗ್ತಿತ್ತು ಮಾವ?”

ಅವರು, “ತಂಗಿ, ಖಾಲಿ ಕುರ್ಚಿಯಷ್ಟು ಗಟ್ಟಿಯಾಗಿ ಮಾತಾಡೂದು ಮತ್ಯಾವ್ದೂ ಇಲ್ಲ” ಎಂದರು. ಕಂಡಕ್ಟರರ ತತ್ತ್ವಜ್ಞಾನ ಎಂದು ನಾನು ಪಾತ್ರೆ ತೊಳೆಯಲು ಎದ್ದುಹೋದೆ.

ಈ ವರ್ಷ ಅತ್ತೆ-ಮಾವನ ಮದುವೆಯಾಗಿ ಐವತ್ತು ವರ್ಷ ತುಂಬಿತು. ಒಂದು ಊಟ ಹಾಕಬೇಕೆಂದು ನನ್ನ ಗಂಡ ಮತ್ತು ನಾದಿನಿ ನಿಶ್ಚಯಿಸಿದರು. ಮಾವನವರು ಬೇಡವೆನ್ನಲಿಲ್ಲ. “ಆತು. ಒಂದು ಶಾಮಿಯಾನ ಸಾಕು” ಎಂದರು. ಅತ್ತೆ ಅಲ್ಲೇ ಈಳಿಗೆಮಣೆಯ ಮೇಲೆ ಕೂತು ಬಂಗಡೆ ಹೆಚ್ಚುತ್ತಿದ್ದರು. ನಮ್ಮ ಅತ್ತೆ ಮಾತು ಕಡಿಮೆ. ಮೀನು ತಾಜಾ ಇದೆಯೋ ಇಲ್ಲವೋ ಎನ್ನುವುದರ ಹೊರತು ಬೇರೆ ವಿಷಯದಲ್ಲಿ ಅವರು ಅಭಿಪ್ರಾಯ ಕೊಟ್ಟದ್ದು ನನಗೆ ನೆನಪಿಲ್ಲ. ಅವರು ತಲೆಯೆತ್ತದೆ ಹೇಳಿದರು:

“ನಾಲ್ಕು ಹಾಕ್ಸಿ.”

“ಎಂತ?”

“ನಾಲ್ಕು. ಅಂಗಳ ತುಂಬ. ಇಲ್ಲದಿದ್ರೆ ಆ ದಿನ ನಾ ತಂಗಿ ಮನೆಗೆ ಹೋಗ್ತೆ. ನೀವು ಒಬ್ರೇ ಹಾರ ಹಾಕ್ಕಣಿ.”

ಮಾವನವರ ಮುಖ ಬಿಳಿಚಿಕೊಂಡಿತು. ಭಾಯಿಗಂತೂ ನಂಬಿಕೆಯೇ ಬರಲಿಲ್ಲ. ಫೋನಿನಲ್ಲಿ ಮೂರು ಸಲ ಕೇಳಿದರು, “ನಾಲ್ಕೇ? ಕಾಕಾ ಆರಾಮಿದ್ದಾರಲ್ಲ?”

ಆಮೇಲೆ ಶುರುವಾಯಿತು ನೋಡಿ ಮಾವನವರ ಆಮಂತ್ರಣ ಯಾತ್ರೆ! ನಾಲ್ಕು ಶಾಮಿಯಾನ ತುಂಬಬೇಕಲ್ಲ! ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವುದು, ಭಟ್ಕಳದಿಂದ ಕುಮಟೆಯ ತನಕ ಕರೆಯುತ್ತಾ ಹೋಗುವುದು. ನೆಂಟರು, ಹಳೆಯ ಡ್ರೈವರುಗಳು, ನಿಲ್ದಾಣದಲ್ಲಿ ಕಡಲೆ ಮಾರುವವರು, ಹತ್ತುವವರು, ಇಳಿಯುವವರು, ಎಲ್ಲರಿಗೂ ಕರೆ. ಗೋಕರ್ಣಕ್ಕೆ ಹೊರಟಿದ್ದ ಮುಂಡಗೋಡಿನವರೊಬ್ಬರಿಗೂ ಪಕ್ಕದಲ್ಲಿ ಕೂತ ತಪ್ಪಿಗೆ ಕರೆ ಸಿಕ್ಕಿತು! ಸಂಜೆ ಬಂದು ಊಟ ಸೇರದೆ ಎದ್ದುಬಿಡುತ್ತಿದ್ದರು. “ಬತ್ರಾ? ಬತ್ರಾ ಇವ್ರೆಲ್ಲ?” ಎಂದು ಮೊಮ್ಮಗಳನ್ನು ಕೇಳುತ್ತಿದ್ದರು. ಅವಳಿಗೆಂತ ಗೊತ್ತು? ನನಗೆ ಒಳಗೊಳಗೇ ಖುಷಿ. ಬರಲಿ ಬಿಡಿ, ನಮ್ಮಪ್ಪನ ಟವೆಲಿನ ಬೆವರು ಇವರಿಗೂ ಸ್ವಲ್ಪ ಬರಲಿ!

ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆಯೊಡನೆ ತೆಂಗಿನಕಾಯಿ ತುರಿಯುತ್ತಿದ್ದಾಗ ಕೇಳಿಯೇಬಿಟ್ಟೆ: “ನಾಲ್ಕು ಎಂತಕ್ಕೆ ಅತ್ತೆ? ಅವ್ರಿಗೆ ಜ್ವರ ಬಂದಾಂಗೆ ಆಗಿದೆ.”

ಅತ್ತೆ ತುರಿಯುವುದನ್ನು ನಿಲ್ಲಿಸಲಿಲ್ಲ. ಕಾಯಿ ತುರಿಯುತ್ತಲೇ ಹೇಳಿದರು. ಅತ್ತೆ ಬೇರೆ ಜಾತಿಯವರು, ತವರಲ್ಲಿ ಕೊಂಕಣಿ ಮಾತು. ಅಷ್ಟು ನನಗೆ ಗೊತ್ತಿತ್ತು. ಗೇರುಬೀಜದ ಕಾರ್ಖಾನೆಯ ಕೆಲಸಕ್ಕೆ ದಿನಾ ಮಾವನವರ ಬಸ್ಸಿನಲ್ಲಿ ಹೋಗುತ್ತಿದ್ದವರು, ಅದನ್ನೂ ಕೇಳಿದ್ದೆ. ಮದುವೆಯ ಬಗ್ಗೆ ಮಾತ್ರ ಈ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

“ಇದೇ ಅಂಗಳ” ಎಂದರು ಅತ್ತೆ. “ಆಗ ಶಾಮಿಯಾನ ಎಲ್ಲಿತ್ತು? ತೆಂಗಿನ ಗರಿ ಚಪ್ಪರ. ಅಲ್ಲಿ ಬಾವಿಕಟ್ಟೆಯಿಂದ ಬೇಲಿಬಾಗಿಲ ದಣಪೆ ತನಕ. ಇವ್ರು ಗೆಳೆಯರ ಸಂಗ್ತಿಗೆ ಸೇರ್ಕಂಡು ಒಂದು ವಾರ ಕಟ್ಟಿದ್ರು. ಊರಿಗೆ ಊರೇ ಬತ್ತದೆ ಹೇಳಿ ಎಲೆ ಹಾಕ್ಸಿ ಇಟ್ಟಿದ್ರು.”

“ಮತ್ತೆ?”

“ಯಾರೂ ಬರ್ಲಿಲ್ಲ. ಇವ್ರ ಅಣ್ಣ ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದ, ಆ ಚಪ್ಪರಕ್ಕೆ ಹೋದವ್ರು ನಮ್ಮ ಮೆಟ್ಟಿಲು ಹತ್ತೂದು ಬೇಡ ಅಂದ್ಕಂಡು. ಚಪ್ಪರ ಕಟ್ಟಿದ ಗೆಳೆಯರೂ ಬರ್ಲಿಲ್ಲ.”

ನನ್ನ ಕೈ ನಿಂತಿತು. ಇಷ್ಟು ವರ್ಷ ‘ಪಾಪ, ಹಿರಿಯ ಮನುಷ್ಯ’ ಅನ್ನುವವರೆಲ್ಲರಿಗೂ ಹೌದೆಂದು ತಲೆಯಾಡಿಸಿದ್ದು ಈ ಮನುಷ್ಯನ ಸಲುವಾಗಿಯೇ? ಅಂದು ನೆರಳಿಗಾಗಿ ಕುರ್ಚಿ ಎಳೆಯುತ್ತಾ ಹೋದವರಿಗೆ ಗಟಾರದ ತನಕ ಜಾಗ ತೋರಿಸಬೇಕಿತ್ತು ಎಂದು ಆ ಕ್ಷಣ ನನಗನ್ನಿಸಿತು. ಅತ್ತೆಯೇ, “ಕಾಯಿ ಸಾಕು, ಬಿಡು” ಎಂದು ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋದರು.

ಆ ದಿನ ಬಂತು. ಭಾಯಿಯ ನಾಲ್ಕು ಶಾಮಿಯಾನಗಳು ಅಂಗಳದಲ್ಲಿ ಎದ್ದು ನಿಂತವು. ಕೆಂಪು, ಹಳದಿ, ಕೆಳಗೆ ಸಾಲುಸಾಲು ಕುರ್ಚಿ. ಮದುವೆಯಾಗಿ ಬಂದಂದಿನಿಂದ ನಾನು ಕನಸು ಕಂಡ ದೃಶ್ಯ! ಎಲ್ಲಿ ನಿಂತರೂ ನೆರಳು! ಮುಟ್ಟಳ್ಳಿಯಿಂದ ಅಣ್ಣ, ಅತ್ತಿಗೆ ಬೇಗನೇ ಬಂದರು. ಬಂದವರು ಇಷ್ಟೊಂದು ಕುರ್ಚಿ ಕಂಡು ಎಲ್ಲಿ ಕೂರಬೇಕೆಂದೇ ತಿಳಿಯದೆ ಅಭ್ಯಾಸಬಲದಿಂದ ತೆಂಗಿನ ಮರದ ಕೆಳಗೆ ಹೋಗಿ ನಿಂತರು. ಭಾಯಿ ಮಕ್ಕಳೊಂದಿಗೆ ಬಂದರು, ತಮ್ಮ ಶಾಮಿಯಾನದಲ್ಲಿ ಜನ ನಿರಾಳವಾಗಿ ಕೂರುವುದನ್ನು ಒಮ್ಮೆಯಾದರೂ ನೋಡಬೇಕೆಂದು. ಮುಂಡಗೋಡಿನವರೂ ಬಂದರು! ಕರೆಯೋಲೆಯಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಬಂದವರು ಅವರೊಬ್ಬರೇ. ಯಾರ ಮದುವೆ ಎಂದು ಕೇಳಿ ತಿಳಿದುಕೊಂಡು ಮುಂದಿನ ಸಾಲಿನಲ್ಲಿ ಕೂತರು.

ಉಳಿದವರು?

ಊಟದ ಹೊತ್ತಾಯಿತು. ಒಂದು ಶಾಮಿಯಾನ ತುಂಬಿ ಎರಡನೆಯದು ಅರ್ಧವಾಗಿತ್ತು, ಅಷ್ಟೆ. ಆಚೆಯ ಎರಡರಲ್ಲಿ ಗಾಳಿ ಮಾತ್ರ. ನನ್ನ ಗಂಡ ಒಬ್ಬೊಬ್ಬರಿಗೇ ಫೋನು ಹಚ್ಚಿದ. ಫೋನಿನಲ್ಲಿ ಕೇಳಿದ ಉತ್ತರಗಳನ್ನು ಬರೆಯುವಾಗ ನನಗೆ ನಗು ಬರಬೇಕೋ ಏನು ಬರಬೇಕೋ ತಿಳಿಯುತ್ತಿಲ್ಲ. “ಬರೂದು ಅಂತಿದ್ವಿ ಮಾರಾಯ. ನಿಮ್ಮಲ್ಲಿ ಹೆಂಗೂ ನಿಲ್ಲೂಕೂ ಜಾಗ ಇರೂದಿಲ್ಲ, ಇನ್ನೊಂದಿನ ಬಂದ್ರಾತು ಹೇಳಿ ಬಿಟ್ವಿ.” ಒಬ್ಬರಲ್ಲ, ಇಬ್ಬರಲ್ಲ, ಎಲ್ಲರದೂ ಇದೇ ಮಾತು! “ನಾವು ವಯಸ್ಸಾದವ್ರು, ಬಿಸಿಲಲ್ಲಿ ನಿಲ್ಲೂಕಾಗೂದಿಲ್ಲ.” “ಸಣ್ಣ ಮಗು ಇದೆ, ನಿಮ್ಮ ರಶ್ಶಲ್ಲಿ ಬೇಡ ಅನಿಸ್ತು.” ಕಟ್ಟಿದ ಖ್ಯಾತಿಯೆಂದರೆ ಇದು. ಜೀವಮಾನವೆಲ್ಲ ಶಾಮಿಯಾನ ಹಿಡಿಯಲಿಲ್ಲ ಎಂದು ಹೆಮ್ಮೆಪಟ್ಟ ಮನುಷ್ಯನ ಮಾತನ್ನು ಊರು ಕೊನೆಗೂ ನಂಬಿತ್ತು!

ಬೇಲಿಯಾಚೆ ದೊಡ್ಡಮಾವ ತಮ್ಮ ಜಗಲಿಯಲ್ಲಿ ಆರಾಮಕುರ್ಚಿ ಹಾಕಿಸಿಕೊಂಡು ನಮ್ಮ ಅಂಗಳವನ್ನೇ ನೋಡುತ್ತಿದ್ದರು. ಅವರಿಗೆ ಅಂದು ನೆರಳಿಗೇನೂ ಕೊರತೆಯಿರಲಿಲ್ಲ.

ಮಾವನವರು ದಣಪೆಯ ಹತ್ತಿರ ನಿಂತಿದ್ದರು. ಹೆದ್ದಾರಿಯ ಕಡೆಯಿಂದ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಪಂಚೆ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಹೋಗುವುದು, ಯಾರೂ ಇಳಿಯದೆ ಬಸ್ಸು ಹೋದದ್ದು ತಿಳಿದು ವಾಪಸ್ಸು ಬರುವುದು. ಹಿಂದೆ ತಿರುಗಿ ಆ ಖಾಲಿ ಕುರ್ಚಿಗಳನ್ನು ಮಾತ್ರ ಅವರು ಒಮ್ಮೆಯೂ ನೋಡಲಿಲ್ಲ. ಅವರು ಬೆವರಲಿ ಎಂದು ಬಯಸಿದ್ದವಳು ನಾನೇ ತಾನೇ? ಬೆವರುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಅತ್ತೆ ಎದ್ದರು. ಮೊಮ್ಮಗಳು ಉಡಿಸಿದ ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ಹಾರ. ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟು, ನಾಲ್ಕು ಶಾಮಿಯಾನದುದ್ದಕ್ಕೂ ನಡೆದುಹೋಗಿ, ಎಲ್ಲರೆದುರು ಮಾವನವರ ಮುಂಗೈ ಹಿಡಿದರು. ನಾನು ಕುಡಿಯಲು ನೀರು ತೆಗೆದುಕೊಂಡು ಹಿಂದೆಯೇ ಹೋಗಿದ್ದೆ.

“ಬನ್ನಿ, ಉಣ್ಣುವಾ.”

“ಇನ್ನೂ ಬರೂವವ್ರು ಇದ್ರು.”

“ಬಂದವ್ರು ಉಂತ್ರು. ನೀವು ಬನ್ನಿ.”

ಮಗುವಿನಂತೆ ಹಿಂದೆ ಬಂದರು. ಅತ್ತೆ ಜನರಿದ್ದ ಕಡೆ ಹೋಗಲಿಲ್ಲ. ಮೂರನೆಯ ಶಾಮಿಯಾನದ ನಟ್ಟನಡುವಿನ ಮೇಜಿಗೆ, ಸುತ್ತಲೂ ಎಲ್ಲ ಖಾಲಿ ಇದ್ದಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಪಕ್ಕದಲ್ಲಿ ತಾವು ಕೂತರು. ನಾನು ಎರಡು ಎಲೆ ಹಾಕಿದೆ. ಮಾವನವರು ಎಲೆಗೆ ನೀರು ಚಿಮುಕಿಸಿದರು, ಒರೆಸಿದರು, ಮತ್ತೆ ಚಿಮುಕಿಸಿದರು. ತಲೆಯೆತ್ತಲಿಲ್ಲ.

“ನಾ ಹೇಳಿದ್ದೆ, ಒಂದು ಸಾಕು ಹೇಳಿ” ಎಂದರು. “ನಿಂಗೆ ಮತ್ತೆ ಅದೇ ಅವಮಾನ ಆತು. ಅದಾಗೂದು ಬೇಡ ಹೇಳೇ ಇಷ್ಟು ವರ್ಷ...”

ಆ ವಾಕ್ಯ ಮುಗಿಯಲಿಲ್ಲ. ಇಪ್ಪತ್ತು ವರ್ಷ ನಾನು ಯಾವುದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆನೋ ಅದು ಅರ್ಧ ವಾಕ್ಯದಲ್ಲಿ ನನ್ನ ಮುಂದೆ ಬಂದು ಕೂತಿತು.

ಅತ್ತೆ ಅವರ ಎಲೆಯ ತುದಿಯನ್ನು ಸರಿಮಾಡುತ್ತ ಹೇಳಿದರು: “ಜನ ಬರ್ಲಿಲ್ಲ ಹೇಳಿ ನಂಗೆ ಅಂದೂ ಬೇಜಾರಾಗ್ಲಿಲ್ಲ. ನೀವು ಯೂನಿಫಾರ್ಮ್ ಹಾಕ್ಕಂಡು ಡ್ಯೂಟಿಗೆ ಹೋಗ್ಬಿಟ್ರಿ. ಅಷ್ಟು ಎಲೆ ನಡುವೆ ನಾ ಒಬ್ಳೇ ಕೂತು ಉಂಡೆ. ಅದೊಂದೇ ಬೇಜಾರು.”

ಮಾವನವರು ಎಡಗೈಯಿಂದ ಅತ್ತೆಯ ಕುರ್ಚಿಯನ್ನು ತಮ್ಮ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡರು.

ನಾನು ಪಾಯಸದ ಪಾತ್ರೆ ಹಿಡಿದು ಬಗ್ಗಿದೆ.

“ಅವ್ಳಿಗೆ ಮೊದ್ಲು ಹಾಕು.”

“ಅವ್ರಿಗೆ ಮೊದ್ಲು ಹಾಕು.”

ಇಬ್ಬರೂ ಒಟ್ಟಿಗೇ ಹೇಳಿದರು.